ಕಲಬುರಗಿಯಲ್ಲಿ ಕಾರಿನ ಬ್ರೇಕ್ ಕೆಲಸ: ಎಲ್ಲಿ ಎಷ್ಟು, ಯಾಕೆ ಅಷ್ಟು

ಸ್ವಿಫ್ಟ್ ಅಳತೆಯ ಒಂದು ಗಾಡಿ. ಮುಂದಿನ ಗಾಲಿಗಳ ಬ್ರೇಕ್ ಪ್ಯಾಡ್ ಸವೆದಿವೆ, ಬೇರೆ ತೊಂದರೆ ಏನೂ ಇಲ್ಲ. ಇದೇ ಕೆಲಸಕ್ಕೆ ಕಲಬುರಗಿಯಲ್ಲಿ ರಸ್ತೆ ಬದಿಯ ಮಿಸ್ತ್ರಿ ಹತ್ತಿರ ಸುಮಾರು 1,900 ರೂಪಾಯಿ, ಎಲ್ಲ ಕಂಪನಿಯ ಗಾಡಿ ನೋಡುವ ಗ್ಯಾರೇಜಿನಲ್ಲಿ 2,400, ಕಂಪನಿಯ ಸರ್ವಿಸ್ ಸೆಂಟರಿನಲ್ಲಿ 3,500ರ ಆಸುಪಾಸು ಆಗುತ್ತದೆ. ಮೂರೂ ಕಡೆ ಗಾಡಿಗೆ ಬೀಳುವುದು ನಾಲ್ಕು ಪ್ಯಾಡುಗಳ ಒಂದು ಸೆಟ್ ಅಷ್ಟೇ. ಹಾಗಾದರೆ ನಡುವಿನ 1,600 ರೂಪಾಯಿ ಎಲ್ಲಿಗೆ ಹೋಯಿತು?

ಬಿಲ್ಲು ಬಿಡಿಸಿ ನೋಡಿದರೆ ಲೆಕ್ಕ ಹೆಚ್ಚೂಕಮ್ಮಿ ಹೀಗಿರುತ್ತದೆ. ಮಿಸ್ತ್ರಿ ಹತ್ತಿರ ಪ್ಯಾಡ್ ಸೆಟ್ 1,600, ಮಜೂರಿ 300. ಗ್ಯಾರೇಜಿನಲ್ಲಿ ಪ್ಯಾಡ್ 1,800, ಮಜೂರಿ 500, ಮಜೂರಿಯ ಮೇಲೆ ಶೇ 18ರಂತೆ ಜಿಎಸ್‌ಟಿ 90. ಸರ್ವಿಸ್ ಸೆಂಟರಿನಲ್ಲಿ ಕಂಪನಿ ಪೊಟ್ಟಣದ ಪ್ಯಾಡ್ 2,100, ಮಜೂರಿ ತೆರಿಗೆ ಸೇರಿ 826, ಅದರ ಕೆಳಗೆ ‘ಬ್ರೇಕ್ ಕ್ಲೀನಿಂಗ್’ ಎಂಬ ಸಾಲಿಗೆ ತೆರಿಗೆ ಸೇರಿ 590. ಗಿರಾಕಿಗಳು ಹೆಚ್ಚು ಜಗಳ ಆಡುವುದು, ತೆಗೆಸಿ ಹಾಕುವುದು ಈ ಕೊನೆಯ ಸಾಲನ್ನೇ. ನಮ್ಮ ಅಭಿಪ್ರಾಯ ಇದಕ್ಕೆ ಉಲ್ಟಾ. ನಮ್ಮ ಜಿಲ್ಲೆಯ ದೂಳಿನಲ್ಲಿ ಓಡುವ ಗಾಡಿಗೆ ಇಡೀ ಬಿಲ್ಲಿನಲ್ಲಿ ತಪ್ಪಿಸಬಾರದ ಸಾಲು ಅದೇ. ಆದರೆ ದುಡ್ಡು ಕೊಟ್ಟಿದ್ದಕ್ಕೆ ಕೆಲಸ ನಿಜವಾಗಿ ಆಗಿದೆಯೇ ಎಂದು ನೋಡಿಕೊಳ್ಳಬೇಕು.

ಯಾಕೆಂದರೆ ಗಾಲಿಯ ಜೊತೆ ತಿರುಗುವ ತಟ್ಟೆಗೆ (ಡಿಸ್ಕ್) ಎರಡೂ ಕಡೆಯಿಂದ ಪ್ಯಾಡ್ ಒತ್ತುವ ಕ್ಯಾಲಿಪರ್ ಎರಡು ಗೈಡ್ ಪಿನ್ನುಗಳ ಮೇಲೆ ಸರಿದಾಡುವ ವಸ್ತು. ಪೆಡಲ್ ಒತ್ತಿದಾಗ ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಕ್ಯಾಲಿಪರ್ ಪಿನ್ನಿನ ಮೇಲೆ ಹಿಂದಕ್ಕೆ ಸರಿದು ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಪಿನ್ನಿಗೆ ರಬ್ಬರಿನ ಟೊಪ್ಪಿಗೆ ಇರುತ್ತದೆ, ಒಳಗೆ ಗ್ರೀಸ್. ಸೇಡಂ, ಮಳಖೇಡ, ವಾಡಿ ಕಡೆಯ ಸಿಮೆಂಟ್ ದೂಳು, ಶಹಾಬಾದ್ ಕಡೆಯ ಕಲ್ಲಿನ ಪುಡಿ, ಮಳೆಗಾಲದಲ್ಲಿ ಹೊಲದ ದಾರಿಯ ಕರಿ ಮಣ್ಣು ಇವೆಲ್ಲ ಗಾಲಿಯ ಒಳಗೆ ಕೂರುತ್ತವೆ. ರಬ್ಬರ್ ಒಂದು ಕಡೆ ಸೀಳಿತೆಂದರೆ ದೂಳು ಪಿನ್ನಿಗೆ ಇಳಿದು ಗ್ರೀಸ್ ಒಣಗಿ ಅಂಟಾಗುತ್ತದೆ, ಪಿನ್ ಹಿಡಿದುಕೊಳ್ಳುತ್ತದೆ. ಆಮೇಲೆ ಕೆಲಸ ಮಾಡುವುದು ಒಳಗಿನ ಪ್ಯಾಡ್ ಒಂದೇ. ಹೊರಗಿನದು ಇನ್ನೂ 6 ಮಿ.ಮೀ. ಇರುವಾಗ ಒಳಗಿನದು ಕಬ್ಬಿಣದ ತಗಡಿಗೆ ಬಂದಿರುತ್ತದೆ. ಗಾಲಿಯ ಸಂದಿನಿಂದ ಹಣಿಕಿ ನೋಡಿದವರಿಗೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ, ‘ಇನ್ನೂ ಭಾಳ ಅದ’ ಅನ್ನಿಸುತ್ತದೆ. ಅಷ್ಟರಲ್ಲಿ ಒಳಮೈಯಲ್ಲಿ ಡಿಸ್ಕ್ ಗೀರು ಬಿದ್ದಿರುತ್ತದೆ. ಡಿಸ್ಕ್ ಒಂದಕ್ಕೆ 1,500ರಿಂದ 2,500. ಡಿಸ್ಕ್ ಬದಲಿಸುವುದಾದರೆ ಜೋಡಿಯಾಗಿಯೇ ಬದಲಿಸಬೇಕು. 1,900ರ ಕೆಲಸ 5,000 ದಾಟುವುದು ಹೀಗೆ.

ಸರಿಯಾದ ಕ್ಲೀನಿಂಗ್ ಅಂದರೆ ಎರಡೂ ಪಿನ್ ಪೂರ್ತಿ ಹೊರಗೆ ಎಳೆದು, ಹಳೇ ಗ್ರೀಸ್ ಒರೆಸಿ, ಬ್ರೇಕ್ ಕ್ಲೀನರ್‌ನಿಂದ ತೊಳೆದು, ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚುವುದು. ಹರಿದ ರಬ್ಬರ್ ಇದ್ದರೆ ಕಿಟ್ ಹಾಕುವುದು; ಕಿಟ್ಟಿಗೆ 200ರಿಂದ 400. ಪ್ಯಾಡಿನ ಕಿವಿ ಕೂರುವ ಜಾಗದ ತುಕ್ಕನ್ನು ತಂತಿ ಬ್ರಷ್‌ನಿಂದ ಕೆರೆಯುವುದು, ಸ್ಟೀಲಿನ ಕ್ಲಿಪ್ ಸಡಿಲಾಗಿದ್ದರೆ ಬದಲಿಸುವುದು. ಪಿಸ್ಟನ್ ಹಿಂದಕ್ಕೆ ಒತ್ತುವಾಗ ಸೀ-ಕ್ಲ್ಯಾಂಪ್ ಹಾಕಿ ಮೆಲ್ಲಗೆ ಒತ್ತುವುದು, ಮೇಲೆ ಆಯಿಲ್ ಡಬ್ಬಿ ಉಕ್ಕದಂತೆ ಕಣ್ಣಿಡುವುದು, ಯಾಕೆಂದರೆ ಬ್ರೇಕ್ ಆಯಿಲ್ ಬಿದ್ದಲ್ಲಿ ಬಣ್ಣ ಏಳುತ್ತದೆ. ಎರಡು ಗಾಲಿಗೆ ಇದೆಲ್ಲ ಮುಕ್ಕಾಲು ಗಂಟೆಯ ಕೆಲಸ. ಹತ್ತು ನಿಮಿಷದಲ್ಲಿ ಮುಗಿದರೆ ಡಿಸ್ಕಿನ ಮೇಲೆ ಸ್ಪ್ರೇ ಹೊಡೆದು ಒರೆಸಿದ್ದಾರೆ ಎಂದೇ ಅರ್ಥ. ಗೇರ್, ಬೇರಿಂಗಿಗೆ ಹಚ್ಚುವ ಹಳದಿ ಗ್ರೀಸನ್ನು ಪಿನ್ನಿಗೆ ಹಚ್ಚುವವರೂ ಇದ್ದಾರೆ. ಅದರ ಎಣ್ಣೆಗೆ ರಬ್ಬರ್ ಉಬ್ಬಿ ಕೆಲವು ತಿಂಗಳಲ್ಲಿ ಪಿನ್ ಮತ್ತೆ ಹಿಡಿಯುತ್ತದೆ. ರಬ್ಬರ್ ಇರುವ ಯಾವ ಬ್ರೇಕ್ ಭಾಗವನ್ನೂ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಯಲ್ಲಿ ತೊಳೆಯಬಾರದು, ಕಾರಣ ಅದೇ.

ಅಂಗಡಿ ಯಾವುದೇ ಇರಲಿ, ಕೇಳಬೇಕಾದ ಮಾತು ಒಂದಿದೆ: ‘ಹಳೇ ಪ್ಯಾಡ್ ನಾಕೂ ಕೈಯಾಗ ಕೊಡ್ರಿ.’ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೊಸ ಪ್ಯಾಡಿನ ಉಜ್ಜುವ ಭಾಗ ಸುಮಾರು 10 ಮಿ.ಮೀ. ದಪ್ಪ ಇರುತ್ತದೆ, 3 ಮಿ.ಮೀ.ಗೆ ಬಂದರೆ ಬದಲಿಸುವ ಹೊತ್ತು. ಒಂದೇ ಗಾಲಿಯ ಒಳ-ಹೊರ ಪ್ಯಾಡುಗಳ ನಡುವೆ 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಪಿನ್ ಇಲ್ಲವೇ ಪಿಸ್ಟನ್ ಹಿಡಿದಿದೆ. ಒಂದೇ ಪ್ಯಾಡ್ ಒಂದು ತುದಿಗೆ ಓರೆಯಾಗಿ ಸವೆದಿದ್ದರೂ ಹಾಗೆಯೇ. ಅದನ್ನು ಸರಿ ಮಾಡದೆ ಹೊಸ ಪ್ಯಾಡ್ ಹಾಕಿದರೆ ಅದೂ ಅರ್ಧ ಆಯುಷ್ಯಕ್ಕೇ ಹೋಗುತ್ತದೆ.

ಈಗ ಮೂರು ಬಗೆಯ ಜಾಗಗಳ ಬಗ್ಗೆ.

ಮಿಸ್ತ್ರಿ ಅಂಗಡಿಯ ದೊಡ್ಡ ಗುಣ ಎಂದರೆ ಕೆಲಸ ನಿಮ್ಮ ಕಣ್ಣೆದುರೇ ಆಗುತ್ತದೆ. ಆಲ್ಟೊ, ವ್ಯಾಗನ್ ಆರ್, ಡಿಜೈರ್, ಬೊಲೆರೊ, ಕ್ರೂಸರ್‌ನಂಥ ಗಾಡಿಗಳಲ್ಲಿ ಪ್ಯಾಡ್, ಹಿಂದಿನ ಡ್ರಮ್ಮಿನ ಒಳಗೆ ಉಜ್ಜುವ ಶೂ, ಆ ಶೂ ಒತ್ತುವ ವ್ಹೀಲ್ ಸಿಲಿಂಡರ್ ಇಂಥ ಕೆಲಸಕ್ಕೆ ಕೈ ಪಳಗಿದ ಮಿಸ್ತ್ರಿ ಯಾರಿಗೂ ಕಮ್ಮಿಯಿಲ್ಲ. ಕೊರತೆ ಮೂರು: ನಟ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿ ಮಾಡುವ ಟಾರ್ಕ್ ಪಾನಾ ಇರುವುದಿಲ್ಲ, ಡಿಸ್ಕಿನ ದಪ್ಪ ಅಳೆಯುವ ಮೈಕ್ರೋಮೀಟರ್ ಇರುವುದಿಲ್ಲ, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ನೋಡುವ ಸ್ಕ್ಯಾನರ್ ಇರುವುದಿಲ್ಲ. ಹೀಗಾಗಿ ‘ಪ್ಯಾಡ್ ಹಾಕಿದ್ರ ಸಾಕ್ರಿ’ ಎಂಬುದು ಕಣ್ಣಳತೆಯ ತೀರ್ಮಾನ. ಗಾಡಿಗೆ ಏಳೆಂಟು ವರ್ಷ ಆಗಿದ್ದರೆ, ತೊಂದರೆ ಏನೆಂದು ಮೊದಲೇ ಗೊತ್ತಿದ್ದರೆ ಇಲ್ಲಿಗೆ ಹೋಗುವುದೇ ಲೇಸು. 300ರ ಮಜೂರಿಗೆ ಇನ್ನು 200 ಸೇರಿಸಿ ಪಿನ್ ಕೆಲಸ ಮಾಡಿಸಿ, ಸಿಲಿಕೋನ್ ಗ್ರೀಸಿನ ಪುಟ್ಟ ಟ್ಯೂಬ್ ನೀವೇ ಕೊಂಡೊಯ್ಯಿರಿ.

ಗ್ಯಾರೇಜುಗಳಲ್ಲಿ ಗುಣಮಟ್ಟ ಒಂದೊಂದು ಕಡೆ ಒಂದೊಂದು ಥರ. ಲಿಫ್ಟ್, ಸ್ಕ್ಯಾನರ್, ಬಿಲ್ಲು ಮೂರೂ ಇರುವ ಕಡೆ ಕ್ರೆಟಾ, ನೆಕ್ಸಾನ್ ಅಳತೆಯ ಗಾಡಿಗೆ ಇದು ಬೆಲೆಗೆ ತಕ್ಕ ಜಾಗ. ‘ಕ್ಯಾಲಿಪರ್ ಪಿನ್ ತೆಗೆದು ನೋಡ್ತೀರೇನ್ರಿ’ ಎಂದು ಕೇಳಿ. ತಡವರಿಸದೆ ಉತ್ತರ ಕೊಟ್ಟರೆ ಗಾಡಿ ಬಿಡಬಹುದು.

ಸರ್ವಿಸ್ ಸೆಂಟರಿನಲ್ಲಿ ಭಾಗ ಅಸಲಿ, ಮಜೂರಿ ದರ ಮೊದಲೇ ನಿಗದಿ, ಮಾಡಿದ್ದು ದಾಖಲೆಯಲ್ಲಿ ಉಳಿಯುತ್ತದೆ. ವಾರಂಟಿ ಇರುವ ಗಾಡಿಗೆ, ಎಬಿಎಸ್ ದೀಪ ಹತ್ತಿದ ಗಾಡಿಗೆ, ಹಿಂದೆ ವಿದ್ಯುತ್ ಪಾರ್ಕಿಂಗ್ ಬ್ರೇಕ್ ಇರುವ ಗಾಡಿಗೆ ನಾವು ಬೇರೆ ಜಾಗ ಹೇಳುವುದಿಲ್ಲ. ಆದರೆ ಇಲ್ಲಿ ಗಾಡಿ ಬಿಚ್ಚುವವರು ಗಿರಾಕಿಯ ಜೊತೆ ಮಾತಾಡುವುದಿಲ್ಲ, ಮಾತಾಡುವ ಸಲಹೆಗಾರರು ಗಾಡಿ ಬಿಚ್ಚುವುದಿಲ್ಲ. ‘ಡಿಸ್ಕ್ ಹೋಗ್ಯಾವ, ಬದಲಿ ಮಾಡಬೇಕು’ ಎಂಬ ಫೋನ್ ಬಂದರೆ ಒಪ್ಪುವ ಮುಂಚೆ ಎರಡು ಅಂಕಿ ಕೇಳಿ: ಈಗಿನ ದಪ್ಪ ಎಷ್ಟು, ಕನಿಷ್ಠ ಎಷ್ಟು ಇರಬೇಕು. ಕನಿಷ್ಠ ಅಳತೆ ಡಿಸ್ಕಿನ ಮೇಲೆಯೇ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ ಹೊಸದರ ದಪ್ಪಕ್ಕಿಂತ ಸುಮಾರು 2 ಮಿ.ಮೀ. ಕಮ್ಮಿ. ಅಂಕಿ ಹೇಳದೆ ಡಿಸ್ಕ್ ಬದಲಿಸಲು ಹೇಳುವವರಿಗೆ ಒಪ್ಪಿಗೆ ಕೊಡಬೇಡಿ.

ಗೀರು ಸಣ್ಣದಿದ್ದು ದಪ್ಪ ಉಳಿದಿದ್ದರೆ ಡಿಸ್ಕನ್ನು ಲೇತಿಗೆ ಕೊಟ್ಟು ಸಾಫ್ ಮಾಡಿಸಬಹುದು. ಒಂದಕ್ಕೆ 300ರಿಂದ 500. ಬ್ರೇಕ್ ಹಾಕಿದಾಗ ಪೆಡಲ್ ಕಾಲಿಗೆ ಮಿಡಿದಂತೆ ಆಗುತ್ತಿದ್ದರೆ, ಸ್ಟೀರಿಂಗ್ ನಡುಗುತ್ತಿದ್ದರೆ ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇಲ್ಲ ಎಂದು ಲೆಕ್ಕ. ಅದಕ್ಕೂ ಲೇತೇ ಮದ್ದು. ಒಂದು ಎಚ್ಚರಿಕೆ ಮಾತ್ರ ಬೇಕು: ಗಾಲಿಯ ನಡುವೆ ಡಿಸ್ಕ್ ಕೂರುವ ಹಬ್ಬಿನ (ಹಬ್) ಮುಖದ ತುಕ್ಕು ಕೆರೆಯದೆ ಜೋಡಿಸಿದರೆ ಲೇತಿನಲ್ಲಿ ನೆಟ್ಟಗಾದ ಡಿಸ್ಕ್ ಗಾಡಿಯಲ್ಲಿ ಮತ್ತೆ ಓರೆಯಾಗಿ ತಿರುಗುತ್ತದೆ. ‘ಲೇತ್ ಮಾಡಿಸಿದ್ರೂ ನಡುಗ್ತದ’ ಎನ್ನುವ ದೂರು ಬಂದಾಗ ಮೊದಲು ನೋಡಬೇಕಾದ ಜಾಗ ಇದು.

ಹಿಂದಿನ ಡ್ರಮ್ಮಿನ ಕಥೆ ಬೇರೆ. ಶೂ ಸಾಮಾನ್ಯವಾಗಿ ಪ್ಯಾಡಿಗಿಂತ ಹೆಚ್ಚು ಓಡುತ್ತದೆ, ಅದಕ್ಕೇ ಯಾರೂ ಬಿಚ್ಚಿ ನೋಡುವುದಿಲ್ಲ. ಕರಿ ಮಣ್ಣಿನ ಕೆಸರು ನೀರಿನ ಜೊತೆ ಡ್ರಮ್ಮಿನೊಳಗೆ ಸೇರಿ ಒಣಗಿದರೆ ಅದರ ನುಣುಪು ಪುಡಿ ಅಡ್ಜಸ್ಟರಿನ ಹಲ್ಲಿನಲ್ಲಿ ಕೂರುತ್ತದೆ. ತಾನಾಗಿಯೇ ಶೂ ಹತ್ತಿರ ತರಬೇಕಾದ ಅಡ್ಜಸ್ಟರ್ ನಿಂತುಹೋಗುತ್ತದೆ, ಪೆಡಲ್ ದಿನೇ ದಿನೇ ಕೆಳಗಿಳಿಯುತ್ತದೆ, ಹ್ಯಾಂಡ್‌ಬ್ರೇಕ್ ಎಷ್ಟು ಎಳೆದರೂ ಗಾಡಿ ನಿಲ್ಲುವುದಿಲ್ಲ. ಆಗ ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಮಾಡಿ ಕಳಿಸುವುದು ತಪ್ಪು ದಾರಿ. ಡ್ರಮ್ ಬಿಚ್ಚಿ, ಸ್ವಚ್ಛ ಮಾಡಿ, ಮೊದಲು ಶೂ ಅಡ್ಜಸ್ಟ್ ಮಾಡಬೇಕು. ಕೇಬಲ್ ಮುಟ್ಟುವುದು ಕೊನೆಗೆ. ಈ ಕೆಲಸಕ್ಕೆ ಮಜೂರಿ 400ರಿಂದ 700. ಹೊಸ ಶೂ ಸೆಟ್ಟಿಗೆ 900ರಿಂದ 1,800. ಡ್ರಮ್ಮನ್ನು ಲೇತ್ ಮಾಡಿಸಲೂ ಮಿತಿ ಇದೆ: ಗರಿಷ್ಠ ಒಳವ್ಯಾಸ ಡ್ರಮ್ಮಿನ ಮೇಲೆ ಅಚ್ಚಾಗಿರುತ್ತದೆ, ದಾಟಿದ್ದರೆ ಬದಲಿಸಬೇಕು. ಡ್ರಮ್ ಬಿಚ್ಚಿದಾಗ ವ್ಹೀಲ್ ಸಿಲಿಂಡರಿನ ರಬ್ಬರ್ ಸರಿಸಿ ನೋಡಿ. ಒಳಗೆ ತೇವ ಇದ್ದರೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಕಪ್ ಹೋಗಿದೆ. ಬರೀ ಕಪ್ ಕಿಟ್ 100–150ಕ್ಕೆ ಸಿಗುತ್ತದೆ, ಆದರೆ ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕಿನ ಚುಕ್ಕಿ ಇದ್ದರೆ ಹೊಸ ಕಪ್ ಬೇಗನೆ ಸೋರುತ್ತದೆ. 400ರಿಂದ 900 ಕೊಟ್ಟು ಇಡೀ ಸಿಲಿಂಡರ್ ಹಾಕಿಸುವುದು ವಾಸಿ. ಆಯಿಲ್ ಕುಡಿದ ಶೂಗಳನ್ನು ಒರೆಸಿ ಮತ್ತೆ ಹಾಕುವುದು ಅಪಾಯ. ಎರಡೂ ಕಡೆಯ ಶೂ ಒಟ್ಟಿಗೇ ಬದಲಿಸಿ. ಒಂದೇ ಕಡೆ ಹಾಕಿದರೆ ಜೋರಾಗಿ ಬ್ರೇಕ್ ಒತ್ತಿದಾಗ ಗಾಡಿಯ ಹಿಂಭಾಗ ಒಂದು ಕಡೆಗೆ ಜಗ್ಗುತ್ತದೆ.

ಹಳೇ ಶೂಗೆ ಹೊಸ ಲೈನರ್ (ಉಜ್ಜುವ ಪಟ್ಟಿ) ರಿವೆಟ್ ಹೊಡೆದು ಕೊಡುವ ಪದ್ಧತಿ ಲಾರಿ, ಟ್ರ್ಯಾಕ್ಟರ್ ಕೆಲಸದಿಂದ ಬಂದದ್ದು. ಸಣ್ಣ ಕಾರಿಗೆ ಅದು ಬೇಡ. ಮಂದಿ ತುಂಬಿಕೊಂಡು ಓಡುವ ಜೀಪು, ಕ್ರೂಸರುಗಳಿಗೆ ಮಾಡಿಸುವುದಿದ್ದರೆ ಲೈನರ್ ಒಳ್ಳೇ ಕಂಪನಿಯದೇ ಇರಲಿ. ಭಾರದ ಗಾಡಿ ಇಳಿಜಾರಿನಲ್ಲಿ ಬಿಸಿಯಾದಾಗ ಕಳಪೆ ಲೈನರ್ ಹಿಡಿತವೇ ಬಿಡುತ್ತದೆ.

ಬ್ರೇಕ್ ಆಯಿಲ್ ವಿಷಯದಲ್ಲಿ ನಮ್ಮ ಕಡೆ ಅಲಕ್ಷ್ಯ ಹೆಚ್ಚು. ಡಬ್ಬಿಯಲ್ಲಿ ಮಟ್ಟ ಸರಿ ಇದೆ ಎಂದರೆ ಆಯ್ತು ಎಂದುಕೊಳ್ಳುತ್ತಾರೆ. ಈ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯದು ಹೊಸದಾಗಿದ್ದಾಗ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ನೀರು ಸೇರಿದ ಮೇಲೆ 140. ಡಾಟ್ 4ಕ್ಕೆ ಅವೇ ಅಂಕಿ 230 ಮತ್ತು 155. ಮೇ ತಿಂಗಳ 43 ಡಿಗ್ರಿ ಬಿಸಿಲೊಂದೇ ಆಯಿಲ್ ಕುದಿಸುವುದಿಲ್ಲ. ಆದರೆ ಆ ಬಿಸಿಲಿನಲ್ಲಿ ತುಂಬಿದ ಗಾಡಿ ಹುಮನಾಬಾದ್ ರಸ್ತೆಯಲ್ಲಿ ಮೇಲಿಂದ ಮೇಲೆ ಬ್ರೇಕ್ ಹಾಕಿದಾಗ ಡಿಸ್ಕಿನ ಶಾಖ ಕ್ಯಾಲಿಪರಿಗೆ ಇಳಿಯುತ್ತದೆ, ನೀರು ಸೇರಿದ ಆಯಿಲ್ ಅಲ್ಲೇ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಇಲ್ಲವೇ 40,000 ಕಿ.ಮೀ.ಗೆ, ಯಾವುದು ಮೊದಲೋ ಆಗ ಬದಲಿಸಿ. ಅರ್ಧ ಲೀಟರ್ ಬಾಟಲಿ 150ರಿಂದ 300, ಪೂರ್ತಿ ಬದಲಿಸಲು ಸುಮಾರು ಒಂದು ಲೀಟರ್ ಬೇಕು, ಮಜೂರಿ 300ರಿಂದ 600. ಡಬ್ಬಿಯಲ್ಲಿದ್ದದ್ದನ್ನು ಮಾತ್ರ ಸೂಜಿಯಿಂದ ತೆಗೆದು ಹೊಸದು ಹಾಕಿದರೆ ಬದಲಿಸಿದಂತೆ ಅಲ್ಲ. ಹಳೆಯದು ಪೈಪಿನಲ್ಲಿ, ಕ್ಯಾಲಿಪರಿನಲ್ಲಿ ಹಾಗೇ ಇರುತ್ತದೆ. ನಾಲ್ಕೂ ಗಾಲಿಯ ಹತ್ತಿರ ಆಯಿಲ್ ಹೊರಬಿಡುವ ನಿಪ್ಪಲ್ ಬಿಚ್ಚಿ ತಿಳಿ ಬಣ್ಣದ ಆಯಿಲ್ ಬರುವ ತನಕ ತೆಗೆಯಬೇಕು. ಸಾಮಾನ್ಯವಾಗಿ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ದೂರದ ಗಾಲಿಯಿಂದ, ಅಂದರೆ ಹಿಂದಿನ ಎಡಗಡೆಯಿಂದ ಶುರು. ಕೆಲವು ಮಾದರಿಗಳಿಗೆ ಕ್ರಮ ಬೇರೆ ಇದೆ. ಬಾಟಲಿ ನಿಮ್ಮೆದುರೇ ಸೀಲ್ ಒಡೆಯಲಿ. ಬಾಯಿ ತೆರೆದು ಕಪಾಟಿನಲ್ಲಿ ಕೂತ ಅರ್ಧ ಬಾಟಲಿ ಅದಾಗಲೇ ತೇವ ಹೀರಿರುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯನ್ನೇ ಹಾಕಿಸಿ. ಡಾಟ್ 5 ಸಿಲಿಕೋನ್ ಆಯಿಲ್, ಅದನ್ನು ಇವುಗಳ ಜೊತೆ ಬೆರೆಸುವಂತಿಲ್ಲ.

ಭಾಗ ಕೊಳ್ಳುವಲ್ಲಿ ಉಳಿತಾಯಕ್ಕೆ ಜಾಗ ಇದೆ. ಕಂಪನಿ ಪೊಟ್ಟಣವೇ ಬೇಕು ಎಂದೇನಿಲ್ಲ. ಬಾಷ್, ಬ್ರೆಂಬೊ, ಟಿವಿಎಸ್ ಗರ್ಲಿಂಗ್, ರಾಣೆ ಇವು ಬ್ರೇಕ್ ಭಾಗಗಳಲ್ಲಿ ಹೆಸರಿರುವ ಮಾಲು, ಬೆಲೆ ಎಷ್ಟೋ ಸಲ ಶೇ 15–30ರಷ್ಟು ಕಮ್ಮಿ. 500–600 ರೂಪಾಯಿಗೆ ‘ಲೋಕಲ್’ ಎಂದು ಕೊಡುವ ಹೆಸರಿಲ್ಲದ ಪ್ಯಾಡ್ ಮಾತ್ರ ಬೇಡ: ಕೆಲವು ಗಟ್ಟಿಯಾಗಿದ್ದು ಡಿಸ್ಕನ್ನೇ ತಿನ್ನುತ್ತವೆ, ಕೆಲವು ಬಿಸಿಗೆ ಹಿಡಿತ ಬಿಡುತ್ತವೆ. ಪೊಟ್ಟಣದ ಮೇಲೆ ಭಾಗದ ಸಂಖ್ಯೆ, ತಯಾರಾದ ತಿಂಗಳು, ಎಂಆರ್‌ಪಿ ಇರಲೇಬೇಕು. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆ ಸೇರಿರುತ್ತದೆ, ಅದರ ಮೇಲೆ ಮತ್ತೆ ಜಿಎಸ್‌ಟಿ ಹಚ್ಚುವಂತಿಲ್ಲ. ಬಿಲ್ಲಿನಲ್ಲಿ ಇದನ್ನು ತಪ್ಪದೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ತೆರಿಗೆಗೆ ಮುಂಚೆ 1,000 ಇದ್ದ ಪ್ಯಾಡ್ ಆಗ 1,280, ಈಗ 1,180. ಹಳೇ ಬಿಲ್ಲು ಹಿಡಿದು ಹೋಲಿಸುವವರು ಈ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯಬೇಕು. ಜಿಎಸ್‌ಟಿ ನೋಂದಣಿ ಸಂಖ್ಯೆ ಇಲ್ಲದ ಚೀಟಿಯಲ್ಲಿ ತೆರಿಗೆ ಕೇಳಿದರೆ ಕೊಡಬೇಕಾಗಿಲ್ಲ.

ಯಾದಗಿರಿ, ಚಿಂಚೋಳಿ, ಆಳಂದ ಕಡೆಯಿಂದ ಗಾಡಿ ತರುವವರು ಮುಂಚೆಯೇ ಫೋನಿನಲ್ಲಿ ಮಾದರಿ, ವರ್ಷ, ಚಾಸಿಸ್ ಸಂಖ್ಯೆ ಹೇಳಿ ಭಾಗ ಇದೆಯೇ ಕೇಳಿಕೊಳ್ಳಿ. ಒಂದೇ ಹೆಸರಿನ ಗಾಡಿಯಲ್ಲಿ ಪೆಟ್ರೋಲಿಗೂ ಡೀಸೆಲಿಗೂ, ಒಂದು ವರ್ಷಕ್ಕೂ ಇನ್ನೊಂದಕ್ಕೂ ಪ್ಯಾಡ್ ಬೇರೆ ಇರುವುದುಂಟು. ಮಾರುತಿ, ಹ್ಯುಂಡೈ, ಟಾಟಾ, ಮಹೀಂದ್ರಾ ಭಾಗಗಳು ಊರಲ್ಲೇ ಸುಲಭ. ಸ್ಕೋಡಾ, ಫೋಕ್ಸ್‌ವ್ಯಾಗನ್ ಆದರೆ ಹೈದರಾಬಾದಿನಿಂದ ತರಿಸಬೇಕಾಗಬಹುದು, ಗಾಡಿ ಬಿಚ್ಚಿದ ಮೇಲೆ ಒಂದೆರಡು ದಿನ ಕಾಯುವ ಪಾಡು.

ದೊಡ್ಡ ಖರ್ಚಿನ ಭಾಗಗಳು ಅಪರೂಪಕ್ಕೆ ಕೆಡುತ್ತವೆ, ಆದರೆ ತಪ್ಪು ತಪಾಸಣೆಯಿಂದ ಸುಮ್ಮನೆ ಬದಲಾಗುವುದೂ ಇವೇ. ಮಾಸ್ಟರ್ ಸಿಲಿಂಡರ್ 1,800ರಿಂದ 4,000, ಕ್ಯಾಲಿಪರ್ 3,500ರಿಂದ 7,000, ಪೆಡಲ್ ಒತ್ತುವುದನ್ನು ಹಗುರ ಮಾಡುವ ಬೂಸ್ಟರ್ 4,000ದಿಂದ 8,000. ಪೆಡಲ್ ಗಟ್ಟಿಯಾಯಿತೆಂದು ಬೂಸ್ಟರ್ ಬದಲಿಸುವ ಮುಂಚೆ ಅದಕ್ಕೆ ಹೋಗುವ ವ್ಯಾಕ್ಯೂಮ್ ಪೈಪ್ ಸೀಳಿದೆಯೇ ನೋಡಬೇಕು; ಪೈಪಿಗೆ ಕೆಲವೇ ನೂರು. ಎಬಿಎಸ್ ದೀಪ ಹತ್ತಿದರೆ ಎಷ್ಟೋ ಸಲ ಕಾರಣ ಗಾಲಿಯ ಸೆನ್ಸರ್ ಮೇಲೆ ಕೂತ ಕೆಸರು, ಇಲ್ಲವೇ ಇಲಿ ಕಡಿದ ವೈರು. ಸ್ಕ್ಯಾನರ್ ಹಾಕಿ ಯಾವ ಗಾಲಿ ಎಂದು ತಿಳಿದು, ಒರೆಸಿ ನೋಡಿದ ಮೇಲೆ 1,500ರಿಂದ 3,500ರ ಸೆನ್ಸರ್ ಮಾತು.

ಗಾಡಿ ಕೈಗೆ ಬಂದಾಗ ದುಡ್ಡು ಕೊಡುವ ಮುಂಚೆ ಐದು ನಿಮಿಷ ಬೇಕು. ಎಂಜಿನ್ ಬಂದ್ ಇಟ್ಟು ಪೆಡಲನ್ನು ನಾಲ್ಕೈದು ಸಲ ಒತ್ತಿ. ಗಟ್ಟಿಯಾದ ಮೇಲೆ ಒತ್ತಿ ಹಿಡಿದೇ ಎಂಜಿನ್ ಚಾಲೂ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದು ನಿಂತರೆ ಬೂಸ್ಟರ್ ಸರಿ ಇದೆ. ಅರ್ಧ ನಿಮಿಷ ಹಾಗೇ ಒತ್ತಿ ಹಿಡಿಯಿರಿ. ಮೆಲ್ಲಗೆ ಕೆಳಗೆ ಜಾರುತ್ತಲೇ ಹೋದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಹೋಗಿದೆ. ಒತ್ತಿದಾಗ ಸ್ಪಂಜಿನ ಹಾಗೆ ಅನ್ನಿಸಿದರೆ ಆಯಿಲ್ ಪೈಪಿನಲ್ಲಿ ಗಾಳಿ ಉಳಿದಿದೆ, ಮತ್ತೆ ತೆಗೆಸಿ. ಪಿಸ್ಟನ್ ಹಿಂದೆ ಒತ್ತಿ ಪ್ಯಾಡ್ ಹಾಕಿದ ಮೇಲೆ ಮೊದಲ ಎರಡು ಒತ್ತಿಗೆ ಪೆಡಲ್ ಪೂರ್ತಿ ಕೆಳಗೆ ಹೋಗುವುದು ಸಹಜ. ಅದಕ್ಕೇ ಗಾಡಿ ಅಲುಗುವ ಮುಂಚೆ ನಿಂತಲ್ಲೇ ಒತ್ತಿ ಗಟ್ಟಿ ಮಾಡಿಕೊಳ್ಳಬೇಕು. ಆಮೇಲೆ ಐದಾರು ಕಿ.ಮೀ. ಓಡಿಸಿ ನಿಲ್ಲಿಸಿ, ಗಾಲಿಗಳ ಹತ್ತಿರ ಕೈ ಒಯ್ದು ನೋಡಿ. ಡಿಸ್ಕ್ ಮುಟ್ಟಬೇಡಿ. ಎಡ-ಬಲದಲ್ಲಿ ಒಂದು ಕಡೆ ಕೆಂಡದಂತೆ ಬಿಸಿ ಇದ್ದರೆ ಆ ಕಡೆ ಬ್ರೇಕ್ ಹಿಡಿದುಕೊಂಡೇ ಓಡುತ್ತಿದೆ, ಗಾಡಿಯನ್ನು ಕೆಲಸ ಮಾಡಿದ ಅಂಗಡಿಗೇ ವಾಪಸ್ ಒಯ್ಯಿರಿ.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕು. ಬೆಳಗಿನ ಜಾವ ರಿಂಗ್ ರೋಡಿನಲ್ಲಿ ಹಿಂದೆ ಗಾಡಿ ಇಲ್ಲದಾಗ 50ರ ವೇಗದಿಂದ 10ಕ್ಕೆ ಇಳಿಯುವಂತೆ ಹದವಾಗಿ ಎಂಟು–ಹತ್ತು ಸಲ ಬ್ರೇಕ್ ಒತ್ತಿ, ಪ್ರತಿ ಸಲದ ನಡುವೆ ಅರ್ಧ ಕಿ.ಮೀ. ಓಡಿಸಿ ಆರಲು ಬಿಡಿ. ಮೊದಲ 200–300 ಕಿ.ಮೀ. ತನಕ ಅನಿವಾರ್ಯ ಬಿಟ್ಟು ಗಕ್ಕನೆ ಬ್ರೇಕ್ ಹಾಕಬೇಡಿ. ಇನ್ನು ಗಾಲಿಯ ನಟ್ಟುಗಳು: ಬಹಳಷ್ಟು ಸಣ್ಣ ಕಾರುಗಳಿಗೆ 85ರಿಂದ 110 ನ್ಯೂಟನ್ ಮೀಟರ್ ಬಿಗಿ ಸಾಕು, ನಿಖರ ಅಂಕಿ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಪಾನಾದ ಮೇಲೆ ಹತ್ತಿ ನಿಂತು ಬಿಗಿ ಮಾಡಿದರೆ ಹಬ್ಬಿನ ಬೋಲ್ಟ್ ಹಿಗ್ಗುತ್ತದೆ, ಡಿಸ್ಕೂ ಓರೆಯಾಗುತ್ತದೆ. ಟಾರ್ಕ್ ಪಾನಾ ಇಲ್ಲದ ಕಡೆ ಕೆಲಸ ಆಗಿದ್ದರೆ 50–100 ಕಿ.ಮೀ. ಓಡಿದ ಮೇಲೆ ಅದಿರುವ ಟೈರ್ ಅಂಗಡಿಯಲ್ಲಿ ನಾಲ್ಕೂ ಗಾಲಿಯ ನಟ್ಟುಗಳನ್ನು ಒಮ್ಮೆ ಸಡಿಲಿಸಿ ಸರಿಯಾದ ಅಳತೆಗೆ ಬಿಗಿ ಮಾಡಿಸಿಕೊಳ್ಳಿ.